ಓದಲು ಒಬ್ಬ, ಟಿಕ್ ಹಾಕಲು ಒಬ್ಬ

ಹೈದರಾಬಾದಿನಲ್ಲಿ ನಾನು ಲೆಕ್ಕ ಬರೆದದ್ದು ಟ್ಯಾಕ್ಸಿ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ. ಕೊಂಡಾಪುರದ ಕಡೆ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೆ ಒಂದು ಬರುತ್ತಿದ್ದ ಕಾಲ. ಅಲ್ಲಿನ ಹುಡುಗ ಹುಡುಗಿಯರನ್ನು ಮನೆಯಿಂದ ಕರೆತಂದು ವಾಪಸು ಬಿಡುವ ಗಾಡಿಗಳು ನಮ್ಮ ಮಾಲಕರವು. ನಾನು ಮೆಟ್ರಿಕ್ ಪಾಸು, ರಾಯಚೂರು ಕಡೆಯವ. ಎದುರಿನ ಕುರ್ಚಿಯಲ್ಲಿ ಕೂಡುತ್ತಿದ್ದವರೂ ನಮ್ಮ ಕಡೆಯವರೇ, ವಯಸ್ಸಿನಲ್ಲಿ ಹಿರಿಯರು. ಕಾಕಾ ಅನ್ನುತ್ತಿದ್ದೆ. ಉಳಿದವರೊಂದಿಗೆ ಇಡೀ ದಿನ ತೆಲುಗು, ಹಿಂದಿ. ಕನ್ನಡ ನಮ್ಮಿಬ್ಬರ ನಡುವೆ ಮಾತ್ರ.

ಡ್ರೈವರುಗಳು ಕೊಟ್ಟ ಟ್ರಿಪ್ ಚೀಟಿಗಳನ್ನು ಸಂಜೆ ರಿಜಿಸ್ಟರಿಗೆ ಏರಿಸುತ್ತಿದ್ದೆವು. ಮರುದಿನ ತಾಳೆ ನೋಡಬೇಕು. ಒಬ್ಬ ಚೀಟಿ ನೋಡಿ ಗಾಡಿ ನಂಬರು, ಕಿಲೋಮೀಟರು ಕೂಗುವುದು. ಇನ್ನೊಬ್ಬ ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಿಂದ ಟಿಕ್ ಹಾಕುವುದು. ಬರೆದವನೇ ತಿರುಗಿ ನೋಡಿದರೆ ತನ್ನ ತಪ್ಪು ತನಗೆ ಕಾಣುವುದಿಲ್ಲ, ಅದಕ್ಕೆ ಇಬ್ಬರು. ಒಂದು ದಿನ ಅವರು ಕೂಗಿದರೆ ಮರುದಿನ ನಾನು.

"ಏನಲೇ ತಮ್ಮಾ, ನಿದ್ದಿ ಹತ್ತೈತೇನು? ಗಾಡಿ ಮುಂದ ಹೋತು, ನೀ ಇನ್ನಾ ಸ್ಟ್ಯಾಂಡಿನಾಗ ಇದ್ದಿ!"

"ಜರಾ ಮೆಲ್ಲಕ ಹೊಡೀರಿ ಕಾಕಾ, ಬ್ರೇಕಿಲ್ಲೇನು ನಿಮಗ?"

ಬರಬರುತ್ತ ಅವರು ಹಾಕಿದ ಟಿಕ್ಕುಗಳು ಬೇರೆ ಸಾಲಿನ ಮೇಲೆ ಬೀಳತೊಡಗಿದವು. "ನಿಮ್ಮ ದನಿ ಛಲೋ ಐತಿ, ದಿನಾ ನೀವ ಕೂಗ್ರಿ," ಅಂದೆ. ಚೀಟಿಯ ಅಕ್ಷರ ದೊಡ್ಡದಿರುತ್ತಿತ್ತು. ಅವರು ನನ್ನ ಮುಖ ನೋಡಿ ಚೀಟಿಗಳ ಕಟ್ಟನ್ನು ತಮ್ಮ ಕಡೆ ಎಳೆದುಕೊಂಡರು. ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಹೇಳಿದರು: "ಕಣ್ಣು ಮಂಜಾಗಾಕತ್ತಾವು. ಮನ್ಯಾಗೂ ಹೇಳಿಲ್ಲ. ಮಗಳ ಕಾಲೇಜು ಮುಗಿಯೋತನಕ ದಾಟಿದ್ರ ಸಾಕು."

ಮಾಲಕರ ಮಗ ಕಂಪ್ಯೂಟರು ತಂದರು. ಆಫೀಸು ಕೊಂಡಾಪುರಕ್ಕೆ ಹೋಗುವುದು, ಅಲ್ಲಿ ಲೆಕ್ಕಕ್ಕೆ ಒಬ್ಬರು ಸಾಕು ಅಂದರು. "ಅಪ್ಪನಿಗೆ ನಿಮ್ಮ ಜೊತೆಯ ಹಿರಿಯರ ಮೇಲೆ ನಂಬಿಕೆ. ನೀವೇನು ಅಂತೀರಿ?" ಎಂದು ನನ್ನನ್ನೇ ಕೇಳಿದರು. ನನಗೆ ದಿಗಿಲಾಯಿತು. ಈ ಕೆಲಸ ಹೋದರೆ ಮೆಟ್ರಿಕ್ ಓದಿದವನನ್ನು ಯಾರು ಕರೆಯುತ್ತಾರೆ?

"ಅವರಿಗೆ ಕಣ್ಣು ಸರಿ ಕಾಣೋದಿಲ್ಲ, ಸಾಬ್," ಅಂದುಬಿಟ್ಟೆ.

ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ತಿಂಗಳ ಕೊನೆಗೆ ಕಾಕಾ ಡ್ರಾಯರು ಖಾಲಿ ಮಾಡಿದರು. ನಾನು ಬೇಕಂತಲೇ ಬ್ಯಾಂಕಿಗೆ ಹೋಗಿದ್ದೆ.

ಹೊಸ ಆಫೀಸು ತುಂಬ ಗಾಜು, ಮೈ ನಡುಗಿಸುವ ಏಸಿ. ಎಲ್ಲರ ಕಿವಿಯಲ್ಲೂ ವೈರು. ನಾನು ಪರದೆಯ ಮೇಲಿನ ನಂಬರು ಓದುತ್ತಿದ್ದೆ, ರೂಢಿಯಂತೆ ಕನ್ನಡದಲ್ಲಿ, ಓದಿ ಟಿಕ್ಕಿಗೆ ಕಾದವನಂತೆ ಒಂದು ಕ್ಷಣ ನಿಲ್ಲುತ್ತಿದ್ದೆ. ಪಕ್ಕದ ಹುಡುಗಿ ಒಮ್ಮೆ ವೈರು ಕಿತ್ತು, "ಅಂಕಲ್, ಫೋನಿನಲ್ಲಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದಳು. ಇಲ್ಲಮ್ಮಾ ಅಂದೆ. ಅಲ್ಲಿಂದ ಮುಂದೆ ಬಾಯಿ ಮುಚ್ಚಿಕೊಂಡೇ ಓದಿದೆ. ಸಂಜೆ ಕೋಣೆಯ ಬೀಗ ತೆಗೆಯುವ ಹೊತ್ತಿಗೆ, ಇವತ್ತು ಒಂದು ಕನ್ನಡ ಮಾತೂ ಆಡಲಿಲ್ಲ ಎಂದು ನೆನಪಾಗುತ್ತಿತ್ತು. ಕಾಕಾರ ಮನೆ ಉಪ್ಪಲ್‌ನಲ್ಲಿದೆ ಎಂದು ಗೊತ್ತಿತ್ತು. ಹೋಗಲು ಮುಖವಿರಲಿಲ್ಲ.

ವರ್ಷಗಳ ನಂತರ, ಆ ಕೆಲಸ ಬಿಟ್ಟ ಮೇಲೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ಮಗಳು ಓದು ಅರ್ಧಕ್ಕೆ ಬಿಟ್ಟು ಬಟ್ಟೆ ಅಂಗಡಿ ಸೇರಿದ್ದಳಂತೆ, ಈಗ ಅಲ್ಲೇ ಬಿಲ್ಲು ಹಾಕುತ್ತಾಳಂತೆ. ಕಾಕಾರ ಹೆಂಡತಿ ಒಳಗೆ ಹೋಗುವುದನ್ನೇ ಕಾದು ಹೇಳಿದೆ:

"ಕಾಕಾ, ಮಾಲಕರ ಮಗನ ಮುಂದ ನಿಮ್ಮ ಕಣ್ಣಿನ ಮಾತು ಹೇಳಿದಾವ ನಾನ."

ಕಾಕಾ ದನಿ ಬಂದ ಕಡೆ ಮುಖ ಮಾಡಿದರು. ಕಣ್ಣು ಪೂರಾ ಹೋಗಿದ್ದವು.

"ಮತ್ಯಾರು ಹೇಳತಾರೋ? ನಿನ್ನ ಬಿಟ್ಟು ನಾ ಯಾರ ಮುಂದೂ ಅಂದಿದ್ದಿಲ್ಲ."

ಬೈಯಲಿ ಎಂದು ಕಾದೆ. ಬೈಸಿಕೊಳ್ಳಲೆಂದೇ ಬಂದಿದ್ದೆ.

"ಚಾ ಕುಡದಿ?" ಎಂದು ಕೇಳಿದರು.

"ಕುಡದೆ."

"ಹಂಗಾರ ಹೋಗು. ಈಗ ಬಸ್ಸು ಸಿಗತೈತಿ."

ನಮ್ಮ ಕಡೆ ಮನೆಗೆ ಬಂದವರನ್ನು ಯಾರೂ ಬರೀ ಹೋಗು ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತಾರೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಸ್ವಲ್ಪ ತಡಮಾಡಿದೆ. ಕಾಕಾ ತಡಕಾಡಿ ರೇಡಿಯೋ ಹಚ್ಚಿದರು.