ಮೂರನೆಯ ಗುಂಪು

ನಮ್ಮವರು ಹೊಡೆದ ದಿನಗಳನ್ನು ನಾನು ಒಲೆಯ ಮೇಲಿದ್ದ ಅಡುಗೆಯಿಂದ ನೆನಪಿಟ್ಟುಕೊಂಡಿದ್ದೇನೆ. ಕಣಿಲೆ, ಎಂದರೆ ಎಳೆ ಬಿದಿರು, ಬೇಯುತ್ತಿದ್ದ ದಿನ ಬೆನ್ನಿಗೆ ಬಿದ್ದಿತ್ತು, ಉಪ್ಪು ಹೆಚ್ಚಾಯಿತೆಂದು. ಏಡಿ ಸಾರಿನ ದಿನ ಹುಬ್ಬಿನ ಮೇಲೆ, ಚೆಂಬಿನಿಂದ. ಅದಕ್ಕೆ ಕಾರಣ ಏನೋ, ಮರೆತಿದ್ದೇನೆ. ಮೈದುನನ ಎಂ.ಕಾಂ. ಅರ್ಜಿಯ ದಿನ ನಾನು ಹಲಸಿನಕಾಯಿ ಹೆಚ್ಚುತ್ತಿದ್ದೆ. ಮೇಣ ಅಂಟದಿರಲೆಂದು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದೆ. ಆ ಎಣ್ಣೆಯ ಕಲೆ ಅರ್ಜಿಗೂ ಹತ್ತಿತು.

ಇಂಗ್ಲಿಷರ ಕಮಿಷನರು ಮಡಿಕೇರಿಯಲ್ಲಿ ಕೂತು ಕೊಡಗನ್ನು ಆಳುತ್ತಿದ್ದ ಕಾಲ. ನಮ್ಮ ಮನೆ ಭಾಗಮಂಡಲದಿಂದ ಕರಿಕೆಗೆ ಇಳಿಯುವ ದಾರಿಯ ಪಕ್ಕದಲ್ಲಿತ್ತು. ಮಾವ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ನಮ್ಮವರು, ನಾನು, ರಜೆಯಲ್ಲಿ ಬರುತ್ತಿದ್ದ ಮೈದುನ, ಇಷ್ಟೇ ಜನ.

ನಮ್ಮವರು ಏಲಕ್ಕಿ ದಲ್ಲಾಳಿ. ಕರಿಕೆಯ ಮಲೆಗಳಲ್ಲಿ ಬೆಳೆದವರು ಒಣಗಿಸಿದ ಏಲಕ್ಕಿಯನ್ನು ನಮ್ಮ ಅಂಗಳಕ್ಕೆ ಹೊತ್ತು ತರುತ್ತಿದ್ದರು. ಇವರು ಅದನ್ನು ಎತ್ತಿನ ಮೇಲೆ ಹೇರಿಸಿ ಸಾಹುಕಾರರಿಗೆ ಕಳಿಸುತ್ತಿದ್ದರು. ಪ್ರತಿ ಚೀಲಕ್ಕೂ ಕೈ ಹಾಕಿ, ಮಾದರಿ ನೋಡುತ್ತೇನೆಂದು ಒಂದು ಹಿಡಿ ತೆಗೆದು, ಮೂಸಿ, ತಮ್ಮ ಚೀಲಕ್ಕೆ ಹಾಕಿಕೊಳ್ಳುವುದು ಪದ್ಧತಿ. ನಮ್ಮವರ ಕೈ ದೊಡ್ಡದು. ಒಬ್ಬ ಬೆಳೆಗಾರ ಒಂದು ಸಲ, "ನೋಡಿಯಾತಲ್ಲ, ಆ ಹಿಡಿ ವಾಪಸ್ ಹಾಕಿ ಗೌಡ್ರೇ" ಎಂದ. ಇವರು ಎತ್ತು ಹೊಡೆಯುವ ದೊಣ್ಣೆಯಿಂದ ಅವನ ಬಾಯಿಗೇ ಹೊಡೆದರು. ಮೈದುನ ಆಗ ಬಿ.ಕಾಂ. ಪರೀಕ್ಷೆ ಮುಗಿಸಿ ಬಂದಿದ್ದ. ಅವನೇ ಆ ಮನುಷ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೊಳೆದ. ಮಾರನೆಯ ದಿನ ಅಂಗಳ ಗುಡಿಸುವಾಗ ನನಗೆ ಒಂದು ಹಲ್ಲು ಸಿಕ್ಕಿತು. ಬಾಳೆಯ ಬುಡಕ್ಕೆ ಹಾಕಿ ಮಣ್ಣೆಳೆದೆ.

ಅಲ್ಲಿಯವರೆಗೆ ಬ್ಯಾಂಕಿನ ಕೆಲಸ ಎನ್ನುತ್ತಿದ್ದ ಹುಡುಗ ಆಮೇಲೆ ಬ್ಯಾಂಕಿನ ಮಾತೆತ್ತಲಿಲ್ಲ. ಬೊಂಬಾಯಿ ಕಡೆಯ ಒಂದು ಕಾಲೇಜಿಗೆ ಬರೆದು, ಎಂ.ಕಾಂ. ತರಗತಿಯ ವಿವರದ ಪುಸ್ತಕ ತರಿಸಿಕೊಂಡ. ಜೊತೆಗೆ ಒಂದು ಅರ್ಜಿ ಬಂದಿತ್ತು. ಒಂದೇ ಒಂದು.

ಹತ್ತು ದಿನ ಅವನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಎರಡು ವರ್ಷದ ಓದನ್ನು ಹೊಂದಿಸಿದ. ಮೊದಲ ವರ್ಷ ಎಲ್ಲರಿಗೂ ನಾಲ್ಕು ಪೇಪರು: ಅರ್ಥಶಾಸ್ತ್ರ, ವ್ಯಾಪಾರದ ಕಾನೂನು, ವ್ಯಾಪಾರ ಸಂಘಟನೆ, ಅಂಕಿಅಂಶ. ಎರಡನೆಯ ವರ್ಷ ಮೂರು ಗುಂಪಿನಲ್ಲಿ ಒಂದನ್ನು ಆರಿಸಬೇಕು. ಒಂದನೆಯದು ಲೆಕ್ಕತಪಾಸಣೆ, ಎರಡನೆಯದು ಬ್ಯಾಂಕಿಂಗ್, ಮೂರನೆಯದು ಸಹಕಾರ ಮತ್ತು ಹಳ್ಳಿಯ ಮಾರುಕಟ್ಟೆ. ಮೂರನೆಯದನ್ನು ತೆಗೆದುಕೊಂಡವನು ಒಂದು ಊರಿಗೆ ಹೋಗಿ ಮನೆಮನೆ ವಿಚಾರಿಸಿ ಪ್ರಬಂಧ ಬರೆಯಬೇಕು. ಊರಿನ ಹೆಸರನ್ನು ಅರ್ಜಿಯಲ್ಲೇ ಹೇಳಬೇಕು. ಇವನು ಕರಿಕೆ ಎಂದು ಗುರುತು ಹಾಕಿಕೊಂಡಿದ್ದ.

ನಾನು ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಆದರೂ ನನಗೇ ಎಲ್ಲ ಹೇಳುತ್ತಿದ್ದ, ಕೇಳುವವರು ಬೇರೆ ಯಾರಿದ್ದರು? "ಕೆಲವರು ಅಂಕಿಅಂಶನ ಕೊನೆಗೆ ಓದುವೊ ಅತ್ತಿಗೆ. ನಾ ಮೊದ್ಲೇ ಓದಿ ಮುಗಿಸೊಕು" ಎಂದ.

"ಯಾಕೆ, ಅಷ್ಟು ಸುಲಭವಾ?"

"ಕಷ್ಟ. ಆದ್ರೆ ಅದಿಲ್ಲದೆ ಕರಿಕೆಗೆ ಹೋಗಿ ಏನ್ ಕೇಳ್ಲಿ? ಅಕ್ಕಿ ತೊಳೀದೆ ಅನ್ನಕ್ ಇಡ್ತರಾ ನೀವು?"

ಅರ್ಜಿಗೆ ತಂದೆತಾಯಿ ಅಥವಾ ಪೋಷಕರ ಸಹಿ ಬೇಕಿತ್ತು. ಮಾವ ಇಲ್ಲದ ಮನೆಯಲ್ಲಿ ಅದು ನಮ್ಮವರದೇ ಎಂದು ಯಾರೂ ಕೇಳದೆ ಒಪ್ಪಿಕೊಂಡಿದ್ದೆವು.

ಆ ದಿನ ಬೆಳಿಗ್ಗೆ ರೊಟ್ಟಿ ತಿಂದು ನಮ್ಮವರು ಜಗಲಿಯಲ್ಲಿ ಕೋವಿ ಬಿಚ್ಚಿಟ್ಟು, ನಳಿಗೆಯೊಳಗೆ ಸರಳು ಹಾಕಿ ತಿಕ್ಕುತ್ತಿದ್ದರು. ಮೈದುನ ಎದುರಿಗೆ ಕೂತು ಪುಸ್ತಕ ಓದಿ ಹೇಳಿದ. ಮಧ್ಯಾಹ್ನದೊಳಗೆ ಭಾಗಮಂಡಲಕ್ಕೆ ಮುಟ್ಟಿದರೆ ಅಂದಿನ ಟಪಾಲು ಸಿಗುತ್ತಿತ್ತು. ಅದು ತಪ್ಪಿದರೆ ಕಾಲೇಜು ಹೇಳಿದ ದಿನವೂ ತಪ್ಪಿದಂತೆ. ನಾನು ಒಳಬಾಗಿಲಲ್ಲಿ ಹಲಸಿನಕಾಯಿ ಇಟ್ಟುಕೊಂಡಿದ್ದೆ. ನಮ್ಮವರು ಎತ್ತು ನೋಡುವ ಹಾಗೆ ಒಂದೊಂದೇ ಪೇಪರನ್ನು ತೂಗಿ ನೋಡಿದರು.

"ಕಾನೂನು ಒಳ್ಳೆದ್. ಕೋರ್ಟಿಗೆ ಬೇಕಾದೆ. ಅಂಕಿಅಂಶ ಅಂದ್ರೆ ಎಂತ?"

"ಎಣ್ಸಿ ನೋಡುದು ಅಣ್ಣ. ಎಷ್ಟ್ ಜನಕ್ಕೆ ಎಂತ ಆಗ್ತುಟ್ಟು ಅಂತ."

"ಎಣ್ಸುದು ನಂಗೂ ಗೊತ್ತುಟ್ಟು. ಇರ್ಲಿ. ಬ್ಯಾಂಕಿಂಗ್ ತಕ. ಮಡಿಕೇರಿಲಿ ಕುರ್ಚಿ ಮೇಲೆ ಕೂತ್ಕಂಡ್ರೆ ಮನೆಗೂ ಮರ್ಯಾದೆ."

"ನಾ ಮೂರ್ನೇದ್ ತಕಂಡನೆ. ಏಲಕ್ಕಿ ಬೆಳೆದವು ಕೂಡಿ ಮಾರ್ದು ಹೆಂಗೆ ಅಂತ ಕಲ್ಸುವೊ."

ನಮ್ಮವರು ಸರಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಕೂಡಿ ಮಾರ್ದು ಕಲಿಯಕ್ಕೆ ಬೊಂಬಾಯಿಗೆ ಹೋಗೊಕಾ? ಕಾಗೆಗೆ ಯಾವ ಕಾಲೇಜಿಲಿ ಹೇಳ್ಕೊಟ್ಟೊಳೊ, ಕೂಡಿ ತಿಂಬಕೆ?"

"ಕಾಗೆಗೆ ದಲ್ಲಾಳಿ ಇಲ್ಲೆ ಅಣ್ಣ."

ಸರಳು ನಳಿಗೆಯಿಂದ ಹೊರಗೆ ಬಂದದ್ದು ನನಗೆ ಕಾಣಲಿಲ್ಲ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದನ್ನು ತಡೆಯಲು ಎತ್ತಿದ ಎಡಗೈಯ ಮಣಿಕಟ್ಟಿಗೆ ಬಿದ್ದಾಗ ಒಣ ಕಡ್ಡಿ ಮುರಿದ ಸದ್ದಾಯಿತು. ಮೈದುನ ಅರ್ಜಿಯನ್ನು ಬಲಗೈಯಲ್ಲಿ ಮೇಲೆತ್ತಿಕೊಂಡು, ಮೂರನೆಯ ಏಟನ್ನು ಬೆನ್ನಿಗೆ ತಿಂದು, ನನ್ನನ್ನು ದಾಟಿ ಒಳಗೆ ಓಡಿ ಕನ್ನಿಕಂಬವನ್ನು ತಬ್ಬಿದ.

ಕನ್ನಿಕಂಬ ನಮ್ಮ ಹಿರಿಯರ ಕಂಬ. ಮದುವೆಯ ಶಾಸ್ತ್ರ, ಹಿರಿಯರಿಗೆ ಇಡುವುದು, ಎಲ್ಲ ಅದರ ಬುಡದಲ್ಲೇ. ಅದನ್ನು ಹಿಡಿದವನ ಮೇಲೆ ಕೈ ಮಾಡಬಾರದು ಎಂದು ನಮ್ಮ ಮನೆಯಲ್ಲೊಂದು ಕಟ್ಟಳೆ. ಬೇರೆ ಮನೆಗಳಲ್ಲಿ ಇತ್ತೋ ಇಲ್ಲವೋ ತಿಳಿಯದು. ನಮ್ಮವರು ಹಿಂದೆಯೇ ಬಂದವರು ನಿಂತರು. ಉಸಿರು ಬಿಡುತ್ತಾ ಗೋಡೆಯ ಪಕ್ಕದ ಹಲಗೆಯ ಮೇಲೆ ಕೂತು, ಸರಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡರು.

"ಎಷ್ಟ್ ಹೊತ್ತು ತಬ್ಬಿಯ? ಉಣ್ಣಕ್ಕಾರೂ ಬರೊಕು ಅಲಾ?"

ಮೈದುನನ ಮುಖ ಬಿಳಿಚಿತ್ತು. ಮಣಿಕಟ್ಟು ಆಗಲೇ ಊದಿತ್ತು. ಎಡ ಮೊಣಕೈಯನ್ನು ಕಂಬಕ್ಕೆ ಸುತ್ತಿ ಹಾಕಿಕೊಂಡು ನನ್ನನ್ನು ಕರೆದ. "ಅತ್ತಿಗೆ, ಮಸಿ, ಪೆನ್ನು ತನ್ನಿ. ಬರೆಯಕ್ಕೆ ಕಾಗದದ ಕೆಳಗೆ ಇಡಕ್ಕೆ ಏನಾರೂ ಬೇಕು."

ಕೈಗೆ ಸಿಕ್ಕಿದ್ದು ಮೊರ. ಅದರ ಹಿಂಬದಿಯನ್ನು ಮೇಲೆ ಮಾಡಿ, ಅರ್ಜಿ ಹಾಸಿ, ಅವನ ಎದೆಯ ಎತ್ತರಕ್ಕೆ ಹಿಡಿದೆ. ಮಸಿಕುಪ್ಪಿಯನ್ನು ಮೊರದ ಮೂಲೆಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿಕೊಂಡೆ. ನನ್ನ ಎರಡು ಕೈಗಳೂ ಅಲ್ಲೇ ಸಿಕ್ಕಿಕೊಂಡವು.

ನಮ್ಮವರು ಅದನ್ನು ನೋಡಿದರು. "ನೀ ಕಂಬ ಹಿಡ್ದಿಲ್ಲೆ" ಎಂದರು, ಮೆಲ್ಲಗೆ.

ಅವನು ಅರ್ಥಶಾಸ್ತ್ರ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯುವಾಗ ಏಟು ನನ್ನ ಮೊಣಕಾಲ ಹಿಂದೆ ಬಿತ್ತು. ಕಾನೂನಿಗೆ ಸೊಂಟ. ವ್ಯಾಪಾರ ಸಂಘಟನೆಗೆ ಅದೇ ಜಾಗಕ್ಕೆ ಮತ್ತೊಂದು. ಅದು ಹೆಚ್ಚು ಉರಿಯಿತು. ಮೈದುನ ಅಳುತ್ತಿದ್ದ. "ಬಿಡಿ ಅತ್ತಿಗೆ, ನಂಗೆ ಓದೇ ಬೇಡ" ಎಂದ.

"ಬರಿ" ಎಂದೆ.

ಯಾಕೆ ಬಿಡಲಿಲ್ಲ ಎಂದು ಆಮೇಲೆ ನನ್ನನ್ನು ಕೇಳಿದವರುಂಟು. ದೊಡ್ಡ ಯೋಚನೆಯೇನೂ ಇರಲಿಲ್ಲ. ಇದ್ದದ್ದು ಒಂದೇ ಅರ್ಜಿ, ಮೊರ ಅಲುಗಿದರೆ ಅಕ್ಷರ ಕೆಡುತ್ತದೆ. ಹೊಡೆತ ನನಗೆ ಹೊಸದಲ್ಲ. ಉಪ್ಪಿಗೆ ತಿಂದಿದ್ದೆ, ಹುಳಿಗೆ ತಿಂದಿದ್ದೆ, ಇದೊಂದು ಸಲ ಏತಕ್ಕೆಂದು ತಿಳಿದು ತಿನ್ನುತ್ತಿದ್ದೆ. ಅಂಕಿಅಂಶ ಎಂಬುದನ್ನು ಅವನು ಬರೆದು ಮುಗಿಸುವವರೆಗೆ ಏಟು ಬೀಳಲಿಲ್ಲ. ಅದೇ ಹೆಚ್ಚು ಕಷ್ಟ, ಯಾವ ಕಡೆಯಿಂದ ಬರುತ್ತದೋ ಎಂದು ಕಾಯುವುದು. ಗುಂಪಿನ ಜಾಗಕ್ಕೆ ಬಂದು ಮೂರು ಎಂದು ಬರೆದ. ಊರಿನ ಜಾಗದಲ್ಲಿ ಕರಿಕೆ ಎಂದು ಬರೆಯತೊಡಗಿದ. ಆಗ ಬರಿಗೈಯ ಏಟು ನನ್ನ ಎಡಗಿವಿಯ ಮೇಲೆ ಬಿತ್ತು.

ಕಿವಿಯೊಳಗೆ ಏನೋ ಹರಿದಂತಾಯಿತು. ಕುಪ್ಪಿ ಉರುಳಿ ಕಂಬದ ಬುಡದಲ್ಲಿ ಒಡೆಯಿತು. ಮೊರ ಮಾತ್ರ ನನ್ನ ಕೈಯಲ್ಲೇ ಇತ್ತು. ಕರಿಕೆ ಎಂಬ ಹೆಸರು ಪೂರ್ತಿಯಾಗಿತ್ತು, ಕೊನೆಯ ಅಕ್ಷರದ ಬಾಲ ಸ್ವಲ್ಪ ಉದ್ದವಾಗಿತ್ತು.

ನಮ್ಮವರು ಸಹಿಯ ಖಾಲಿ ಜಾಗ ನೋಡಿ ನಕ್ಕರು. "ಬರ್ದಾತಾ? ಇನ್ನ್ ಸಹಿ ಯಾರ್ ಹಾಕುದು? ಈ ಕಂಬವಾ?"

ಅತ್ತೆ ಅಷ್ಟು ಹೊತ್ತೂ ಒಲೆಯ ಮುಂದೆ ಕೂತಿದ್ದರು. ನಾನು ಆ ಮನೆಗೆ ಬಂದು ಏಳು ವರ್ಷವಾಗಿತ್ತು. ಹೊಡೆತ ನಡೆಯುವಾಗ ಅವರು ಎದ್ದು ಬಂದದ್ದು ಒಂದು ದಿನವೂ ಇಲ್ಲ. ಮಾವನ ಕೈಯಲ್ಲಿ ಅವರು ತಿಂದದ್ದು ನನಗಿಂತ ಹೆಚ್ಚೆಂದು ಊರವರು ಹೇಳುತ್ತಿದ್ದರು. ಈಗ ಬಂದು ನಿಂತರು. ನನ್ನ ಕಡೆ ನೋಡಲಿಲ್ಲ, ಚಿಕ್ಕ ಮಗನನ್ನು ಕೇಳಿದರು.

"ಆ ಸಹಿ ಗಂಡಸೇ ಹಾಕೊಕು ಅಂತ ಬರ್ದುಟ್ಟಾ? ಸರೀ ಓದ್."

ಮೈದುನ ಕಣ್ಣೊರಸಿಕೊಂಡು ಆ ಸಾಲನ್ನು ಎರಡು ಸಲ ಓದಿದ. "ಇಲ್ಲೆ ಅವ್ವ. ತಂದೆತಾಯಿ ಅಂತ ಉಟ್ಟು. ಇಲ್ಲರೆ ಪೋಷಕರು ಅಂತ."

"ಹಂಗಾರೆ ತಾಯಿ ಇದ್ದಲ್ಲ."

ಅವರು ಕುಕ್ಕರಗಾಲಲ್ಲಿ ಕೂತು, ಒಡೆದ ಕುಪ್ಪಿಯ ಚೂರುಗಳ ನಡುವೆ ನೆಲದ ಮಸಿಗೆ ಹೆಬ್ಬೆರಳು ಒತ್ತಿದರು. ನಮ್ಮವರು ಸರಳೆತ್ತಿದರು. ಅದು ಅತ್ತೆಯ ಕೈಯಿಂದ ಒಂದು ಗೇಣು ದೂರಕ್ಕೆ ಬಿದ್ದು ನೆಲದ ಗಾರೆ ಹಾರಿತು. ಅತ್ತೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ನನ್ನ ಕೈ ಮುರುದ್ರೂ ಕಾಲಿನ ಹೆಬ್ಬೆಟ್ಟ್ ಉಟ್ಟು" ಎಂದರು. ಎದ್ದು ನನ್ನ ಮೊರದ ಮೇಲೆ, ಮೈದುನ ತೋರಿಸಿದ ಜಾಗದಲ್ಲಿ ಒತ್ತಿದರು. ಅವನು ಪಕ್ಕದಲ್ಲೇ ಅವರ ಹೆಸರು ಬರೆದ. ಗಾಜು ತಾಗಿ ಬೆರಳು ಕೊಯ್ದಿತ್ತು. ಮಸಿಯ ಜೊತೆ ಸ್ವಲ್ಪ ರಕ್ತವೂ ಅಂಟಿತು, ಒಣಗಿದ ಮೇಲೆ ಎರಡೂ ಒಂದೇ ಬಣ್ಣ.

ಆಮೇಲೆ ಮುರಿದ ಕೈಗೆ ತಮ್ಮ ತಲೆವಸ್ತ್ರ ಕಟ್ಟಿ, ಮಗನ ತೋಳು ಹಿಡಿದುಕೊಂಡು ಅಂಗಳ ದಾಟಿದರು. ಅವರ ಕೈ ಅವನ ತೋಳಿನ ಮೇಲೆ ಇದ್ದಷ್ಟು ದೂರವೂ ನಮ್ಮವರು ಕಾಲು ಎತ್ತಿಡಲಿಲ್ಲ. ಅತ್ತೆ ಭಾಗಮಂಡಲದ ಟಪಾಲು ಕಚೇರಿಯವರೆಗೂ ನಡೆದರು. ಮೈದುನ ಅಲ್ಲಿಂದ ಹಾಗೇ ಅಮ್ಮತ್ತಿಯ ನೆಂಟರ ಮನೆಗೆ ಹೋದ. ಅತ್ತೆ ಒಬ್ಬರೇ ತಿರುಗಿ ಬಂದರು.

ಅವರು ಬರುವವರೆಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆ ಹೊತ್ತಿನಲ್ಲಿ ಏನಾಯಿತೆಂದು ಬರೆಯಲಾರೆ. ಎಡಗಿವಿ ಅಂದಿನಿಂದ ಕೇಳುವುದಿಲ್ಲ. ಬಲಗಡೆಯ ಎರಡು ಪಕ್ಕೆಲುಬು ಕೂಡಿಕೊಳ್ಳಲು ಮಳೆಗಾಲ ಹಿಡಿಯುವವರೆಗೆ ಬೇಕಾಯಿತು.

ಕಾಲೇಜಿನ ಉತ್ತರ ಬಂದಾಗ ನಾಟಿ ನಡೆಯುತ್ತಿತ್ತು. ಅಂಚೆಯವನಿಗೆ ನಮ್ಮವರು ಕೈ ಚಾಚಿದರು. ಅವನು ಲಕೋಟೆ ನೋಡಿ, "ಇದ್ ನಿಮ್ಗೆ ಅಲ್ಲ ಗೌಡ್ರೇ, ಅವ್ವನ ಹೆಸ್ರಿಗೆ" ಎಂದು ದಾಟಿ ಹೋಗಿ ಅತ್ತೆಯ ಕೈಗೆ ಕೊಟ್ಟ. ಅತ್ತೆಗೆ ಓದಲು ಬಾರದು. ನನಗೆ ಇಂಗ್ಲಿಷ್ ಇಲ್ಲ. ಮನೆಯಲ್ಲಿ ಅಷ್ಟಿಷ್ಟು ಇಂಗ್ಲಿಷ್ ಬಲ್ಲವರು ನಮ್ಮವರು ಒಬ್ಬರೇ. ಅತ್ತೆ ಕಾಗದವನ್ನು ಅವರ ಮುಂದೆ ಹಿಡಿದರು.

"ಓದ್."

ನಮ್ಮವರು ಬಹಳ ಹೊತ್ತು ನೋಡಿ, ತಡವರಿಸುತ್ತಾ ಓದಿದರು. ನಿಮ್ಮ ಮಗನನ್ನು ಸೇರಿಸಿಕೊಂಡಿದ್ದೇವೆ, ಮೂರನೆಯ ಗುಂಪು ಕೊಟ್ಟಿದ್ದೇವೆ, ಎರಡನೆಯ ವರ್ಷ ಅವನು ಕರಿಕೆಯಲ್ಲಿ ವಿಚಾರಣೆ ಮಾಡುತ್ತಾನೆ ಎಂದು ಅದರಲ್ಲಿತ್ತು. ಓದಿ, ಕಾಗದವನ್ನು ಹರಿಯುತ್ತಾರೆಂದುಕೊಂಡೆ. ಹಾಗೇ ವಾಪಸು ಕೊಟ್ಟು ಕೊಟ್ಟಿಗೆಗೆ ಹೋದರು. ಎತ್ತಿಗೆ ಹೊಡೆಯುವ ಸದ್ದು ನನ್ನ ಬಲಗಿವಿಗೆ ಕೇಳಿಸಿತು. ಸಂಜೆಯೊಳಗೆ ನನಗೂ ಬಿತ್ತು, ಬೇರೆ ಏನೋ ನೆಪಕ್ಕೆ.

ಅತ್ತೆ ನನ್ನ ಬೆನ್ನಿಗೆ ಬಿಸಿ ಎಣ್ಣೆ ಹಚ್ಚಿದರು. ಅದು ಮೊದಲ ಸಲ. ಹಚ್ಚುತ್ತಾ ಕೇಳಿದರು.

"ಅವ ಕರಿಕೆಗೆ ಬರುದು ಯಾವಾಗ?"

"ಎರಡನೇ ವರ್ಷ. ಇನ್ನೊಂದು ಏಲಕ್ಕಿ ಕೊಯ್ಲು ಕಳೀಬೇಕು ಅತ್ತೆ."

ಅವರು ಕೈ ನಿಲ್ಲಿಸಿ ಲೆಕ್ಕ ಹಾಕಿದರು. "ಒಂದೇ ಅಲಾ" ಎಂದರು. "ಅಷ್ಟ್ ತಡ್ಕಬೌದು."