ಪ್ರೇಮಲೀಲಮ್ಮನವರ ಆರೈಕೆ

ವಿಜಯನಗರದ ಆ ರಸ್ತೆಯಲ್ಲಿ ಯಾರಾದರೂ ಕೆಮ್ಮಿದರೆ ಸುದ್ದಿ ಮೊದಲು ಮುಟ್ಟುತ್ತಿದ್ದದ್ದು ಪ್ರೇಮಲೀಲಮ್ಮನವರಿಗೆ, ಡಾಕ್ಟರಿಗೆ ಆಮೇಲೆ. ಬಾಣಂತಿಯ ಪಥ್ಯ, ಉಳುಕಿದ ಕಾಲು, ಕೂಸಿನ ಹೊಟ್ಟೆನೋವು ಎಲ್ಲಕ್ಕೂ ಅವರೇ. ಕರೆಯದಿದ್ದರೂ ಹೋಗುವುದು ಅವರ ದೊಡ್ಡ ಗುಣ. ಪಕ್ಕದ ಮನೆಯ ಚಂದ್ರಮತಿಯಂತೂ "ನಿಮ್ಮ ಕೈಗುಣಾನೇ ಬೇರೆ ಕಣ್ರೀ" ಎಂದು ಹೇಳಿ ಹೇಳಿ ಅವರನ್ನು ಅಟ್ಟಕ್ಕೇರಿಸಿದ್ದಳು. ಏರಿದವರು ತಾವಾಗಿ ಇಳಿಯುವುದುಂಟೆ?

ಕೊರೋನಾದ ಎರಡನೇ ಅಲೆ ಅವರ ಯಜಮಾನರಾದ ಸಿದ್ದಲಿಂಗಸ್ವಾಮಿಯವರನ್ನೇ ಹಿಡಿಯಿತು. ಮೇಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅವರು ಮಾತು ಕಮ್ಮಿಯ ಮನುಷ್ಯ. ಆ ಮನೆಯಲ್ಲಿ ಇಬ್ಬರಿಗೆ ಮಾತಾಡಲು ಜಾಗವೂ ಇರಲಿಲ್ಲ ಅನ್ನಿ. ಆಸ್ಪತ್ರೆಯಲ್ಲಿ ದಿನಾ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿದರು. ಈ ವೈರಸ್ಸು ಬರೀ ಶ್ವಾಸಕೋಶ ಕೆಡಿಸಿ ಸುಮ್ಮನಾಗುವುದಿಲ್ಲ, ರಕ್ತವನ್ನು ನಾಳದೊಳಗೇ ಹೆಪ್ಪುಗಟ್ಟಿಸುತ್ತದೆ ಎಂದರು ಡಾಕ್ಟರು. ಮನೆಗೆ ಕಳಿಸುವಾಗ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟು, "ಒಂದೂ ತಪ್ಪಿಸಬೇಡಿ. ಮನೆಯೊಳಗೇ ಓಡಾಡ್ತಾ ಇರಿ" ಎಂದೂ ಹೇಳಿದರು.

ಪ್ರೇಮಲೀಲಮ್ಮನವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

"ರಕ್ತ ತೆಳು ಮಾಡ್ತಾರಂತೆ! ಬೀಟ್‌ರೂಟು, ದಾಳಿಂಬೆ, ರಾಗಿ ಅಂತ ಇಷ್ಟು ವರ್ಷ ನಾನು ರಕ್ತ ಊರಿಸಿದ್ದು ಇವರು ನೀರು ಮಾಡ್ಲಿ ಅಂತಲಾ?"

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಯಜಮಾನರ ಒಸಡಿನಲ್ಲಿ ಚೂರು ರಕ್ತ ಕಂಡಿತು. ಪ್ರೇಮಲೀಲಮ್ಮನವರಿಗೆ ಅಷ್ಟೇ ಸಾಕಾಯಿತು. ಡಾಕ್ಟರಿಗೊಂದು ಫೋನು ಮಾಡುವ ಗೋಜಿಗೆ ಹೋಗದೆ ಮಾತ್ರೆಯನ್ನು ಬೀರುವಿನ ಮೇಲಕ್ಕೆಸೆದರು. ಓಡಾಟಕ್ಕೂ ನಿಷೇಧ ಬಿತ್ತು. ಪಾಯಿಖಾನೆಗೆ ಹೋಗಲೂ ಅಪ್ಪಣೆ ಬೇಕಾಯಿತು.

"ಪ್ರೇಮಾ, ಡಾಕ್ಟ್ರು ಓಡಾಡಿ ಅಂದಿದ್ರಲ್ಲ..."

"ಡಾಕ್ಟ್ರು ಸಾವಿರ ಅಂತಾರೆ. ಜೀವ ಹೋಗಿ ಬಂದಿದೆ, ನೀವು ಮಲಕ್ಕೊಳ್ಳಿ ಸುಮ್ನೆ."

ಮಲಗಿದರು. ಎಡಗಾಲಿನ ಮೀನಖಂಡ ಊದಿಕೊಂಡು ಬಿಗಿಯಾಯಿತು, ಮುಟ್ಟಿದರೆ ಬಿಸಿ. ಪ್ರೇಮಲೀಲಮ್ಮನವರಿಗೆ ಒಳಗೊಳಗೇ ಸಂತೋಷ: ಕೊನೆಗೂ ತಮಗೆ ಗೊತ್ತಿರುವ ಕಾಯಿಲೆ ಬಂತಲ್ಲ! "ವಾಯು ಕಣ್ರೀ" ಎಂದು ತೀರ್ಪು ಕೊಟ್ಟು, ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು, ಮೈಯ ಶಕ್ತಿಯೆಲ್ಲ ಹಾಕಿ ತಿಕ್ಕಿದರು.

"ನೋವು ಕಣೇ, ಬುಡು."

"ನೋವಾದ್ರೇನೇ ಇಳಿಯೋದು."

ಇಳಿಯಲಿಲ್ಲ, ಏರಿತು. ಯಜಮಾನರು ಎದೆ ಹಿಡಿದುಕೊಂಡು ಎದ್ದು ಕುಳಿತರು. ಉಸಿರು ಸಿಗುತ್ತಿಲ್ಲ. ತುಟಿ ನೀಲಿಗೆ ತಿರುಗಿತು. ಎಣ್ಣೆಗೈಯಲ್ಲೇ ಪ್ರೇಮಲೀಲಮ್ಮ "ಚಂದ್ರಮತೀ!" ಎಂದು ಕಿರುಚಿಕೊಂಡರು.

ಚಂದ್ರಮತಿ ಕಾರು ತೆಗೆದಳು. ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ ಮುಖ ಗಂಟಿಕ್ಕಿದರು.

"ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕೊಂಡಿರೋ ಹಾಗಿದೆ. ಮಾತ್ರೆ ತಗೋತಿದ್ರಾ? ನಿಜ ಹೇಳಿ. ಮುಂದೆ ಯಾವ ಔಷಧಿ ಕೊಡಬೇಕು ಅನ್ನೋದು ಅದರ ಮೇಲಿದೆ."

ಸಿದ್ದಲಿಂಗಸ್ವಾಮಿಯವರು ಹೆಂಡತಿಯನ್ನೊಮ್ಮೆ, ಚಂದ್ರಮತಿಯನ್ನೊಮ್ಮೆ ನೋಡಿ ಆಮ್ಲಜನಕದ ಮಾಸ್ಕ್ ಸರಿಸಿದರು.

"ಒಂದೂ... ತಪ್ಪಿಸಿಲ್ಲ."

ಪುಣ್ಯಾತ್ಮ! ಉಸಿರು ನಿಲ್ಲುವ ಹೊತ್ತಿನಲ್ಲೂ ಹೆಂಡತಿಯ ಮರ್ಯಾದೆ ಕಾಯುವ ಕೆಲಸ. ಚಂದ್ರಮತಿ ಬೇರೆ ದನಿಗೂಡಿಸಿದಳು: "ಇವರ ಆರೈಕೆ ಅಂದ್ರೆ ಸುಮ್ನೇನಾ ಡಾಕ್ಟ್ರೇ!"

ಬಾಯಿ ಮುಚ್ಚಿಕೊಂಡಿದ್ದರೆ ಪ್ರೇಮಲೀಲಮ್ಮನವರ ಹೆಸರು ಉಳಿಯುತ್ತಿತ್ತು. ಅದೊಂದೇ ಉಳಿಯುತ್ತಿತ್ತು.

"ಸುಳ್ಳು ಡಾಕ್ಟ್ರೇ!" ಎಂದು ಕೂಗಿದರು. "ಹತ್ತು ದಿನದಿಂದ ಒಂದೂ ತಗೊಂಡಿಲ್ಲ, ನಾನೇ ನಿಲ್ಲಿಸಿಬುಟ್ಟೆ. ಮಲಗಿಸಿದ್ದೂ ನಾನೇ, ಕಾಲು ತಿಕ್ಕಿದ್ದೂ ನಾನೇ. ನಂಗೆ ಏನೂ ಗೊತ್ತಿಲ್ಲ ಸ್ವಾಮಿ. ಏನೇನೂ ಗೊತ್ತಿಲ್ಲ. ಇವರನ್ನ ಉಳಿಸಿಕೊಡಿ."

ಬೈಯಲು ಪುರುಸೊತ್ತಿಲ್ಲದ ಡಾಕ್ಟರು ನರ್ಸನ್ನು ಕೂಗುತ್ತ ಸ್ಟ್ರೆಚರನ್ನು ಒಳಗೆ ತಳ್ಳಿಸಿಕೊಂಡು ಹೋದರು.

ಮೂರನೇ ದಿನ ಹತ್ತಿರ ಹೋಗಲು ಬಿಟ್ಟರು. ತುಟಿಗೆ ಬಣ್ಣ ಬಂದಿತ್ತು. ಯಜಮಾನರು ಮೆಲ್ಲಗೆ ಗೊಣಗಿದರು: "ಹೇಳಿದ್ದು ಹೇಳ್ದೆ, ಆ ಚಂದ್ರಮತಿ ಮುಂದೇನೇ ಹೇಳ್ಬೇಕಿತ್ತಾ?"

"ನೀವು ಹೋಗ್ಬುಟ್ಟಿದ್ರೆ ಆ ಮರ್ಯಾದೆ ಇಟ್ಕೊಂಡು ನಾನೇನ್ರೀ ಮಾಡ್ಲಿ?" ಎಂದ ಪ್ರೇಮಲೀಲಮ್ಮ, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಗೊಳೋ ಎಂದು ಅತ್ತುಬಿಟ್ಟರು.