ಟವೊಂಗಾ ಗ್ಯಾಪಿನ ಆಚೆ ಬದಿ

ಸೈಕಲ್ಲಿನಲ್ಲಿ ಬೆಟ್ಟ ಹತ್ತುವುದಕ್ಕೆ ನಾನು ಎಂದೂ ಹೆದರಿದವಳಲ್ಲ. ಹತ್ತುವುದೆಂದರೆ ಕೆಲಸ, ಕೆಲಸ ಮಾಡಿ ಗೊತ್ತಿದೆ. ಏದುಸಿರು ಬರುತ್ತದೆ, ತೊಡೆ ಉರಿಯುತ್ತದೆ, ಸಾಕಾದರೆ ಇಳಿದು ತಳ್ಳಿಕೊಂಡು ಹೋದರಾಯಿತು, ಯಾರಪ್ಪನ ಗಂಟು ಹೋಗುತ್ತದೆ? ನನ್ನ ಜೀವ ಬಾಯಿಗೆ ಬರುತ್ತಿದ್ದದ್ದು ಇಳಿಜಾರಿನಲ್ಲಿ.

ಅದಕ್ಕೆ ಕಾರಣವಿತ್ತು. ಸೈಕಲ್ ಕಲಿಯುವಾಗ ನನಗೆ ನಲವತ್ತರ ಹತ್ತಿರ. ಉಡುಪಿಯ ನಮ್ಮ ಮನೆಯಲ್ಲಿದ್ದ ಸೈಕಲ್ಲು ಅಣ್ಣಂದಿರದ್ದು. ನಾನು ಅದರ ಕ್ಯಾರಿಯರ್ ಮೇಲೆ ಕೂತವಳೇ ಹೊರತು ಪೆಡಲ್ ತುಳಿದವಳಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನಾವು ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದೆವು. ಭಾನುವಾರ ಮ್ಯಾಕ್ವೆರಿ ಪಾರ್ಕಿನ ಆಫೀಸುಗಳಿಗೆ ರಜೆ, ಕಾರ್ ಪಾರ್ಕುಗಳು ಖಾಲಿ. ಅಲ್ಲಿ ನಮ್ಮ ಯಜಮಾನರು ಸೀಟು ಹಿಡಿದುಕೊಂಡು ಹಿಂದೆ ಓಡುವುದು, ನಾನು "ಬಿಡ್ಬೇಡಿ, ಬಿಡ್ಬೇಡಿ" ಎಂದು ಕಿರುಚುವುದು. ಇವರು ಮೈಸೂರಿನವರು, ಮಹಾ ಸಮಾಧಾನಿ. "ಬಿಟ್ಟಿಲ್ಲ ಕಣೆ, ಹಿಡ್ಕೊಂಡೇ ಇದೀನಿ" ಎನ್ನುತ್ತಿದ್ದರು. ಒಂದು ಭಾನುವಾರ ಹಾಗೆ ಹೇಳುತ್ತಲೇ ಬಿಟ್ಟರು. ನಾನು ಹೋದೆ. ಚೆನ್ನಾಗಿಯೇ ಹೋದೆ, ಕೆಳಗಿನ ಅಂತಸ್ತಿಗೆ ಇಳಿಯುವ ರ‍್ಯಾಂಪ್ ಬರುವ ತನಕ. ಬ್ರೇಕು ಎಂಬುದೊಂದಿದೆ ಎಂದೇ ಮರೆತುಹೋಯಿತು. ರ‍್ಯಾಂಪಿನ ಬುಡದ ಗೋಡೆಗೆ ಬಡಿದು ಬಲಗೈಯ ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಹಠ ಹಿಡಿದು ಮತ್ತೆ ಹತ್ತಿದೆ. ಆದರೆ ಇಳಿಜಾರು ಕಂಡರೆ ಸಾಕು, ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದೆ. ಇವರೋ, ಅವತ್ತಿನಿಂದ ನನ್ನನ್ನು ಕಣ್ಣಳತೆ ದಾಟಲು ಬಿಟ್ಟದ್ದೇ ಇಲ್ಲ. ಇವರ ಕೆಲಸದ ಸಲುವಾಗಿ ಮೆಲ್ಬರ್ನಿಗೆ ಬಂದು ಬಾಕ್ಸ್ ಹಿಲ್‌ನಲ್ಲಿ ಮನೆ ಮಾಡಿದೆವು. ಅಲ್ಲಿಯೂ ಶನಿವಾರ ನಾನು ಸೈಕಲ್ ತೆಗೆದರೆ ಇವರು ಕಾರು ತೆಗೆಯುವರು. ಹಜಾರ್ಡ್ ಲೈಟ್ ಮಿಣುಕಿಸುತ್ತ ನನ್ನ ಹಿಂದೆಯೇ ಬರುವುದು, ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈದರೆ ಕಿಟಕಿಯಿಂದ ಕೈಯಾಡಿಸಿ ಸಾರಿ ಹೇಳುವುದು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. "ನಾನೆಂಥ ಮಿನಿಸ್ಟ್ರಾ ಮಾರಾಯ್ರೆ, ಎಸ್ಕಾರ್ಟ್ ಬರ್ಲಿಕ್ಕೆ?" ಎಂದರೆ ನಗುತ್ತಿದ್ದರು, ಬರುವುದು ಮಾತ್ರ ನಿಲ್ಲಿಸುತ್ತಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಸೈಕಲ್ಲಿನ ಹುಚ್ಚಿದ್ದ ಒಬ್ಬಳಿದ್ದಳು. ವಿಕ್ಟೋರಿಯಾದ ಆಲ್ಪೈನ್ ಬೆಟ್ಟ ರಸ್ತೆಗಳ ಕಥೆ ಹೇಳಿ ಹೇಳಿ ನನ್ನ ತಲೆ ಕೆಡಿಸಿದವಳು ಅವಳೇ. ಟವೊಂಗಾ ಗ್ಯಾಪ್ ಎಂಬ ಕಣಿವೆ ದಾರಿ ಇದೆ, ಬ್ರೈಟ್ ಊರಿನ ಕಡೆಯಿಂದ ಹತ್ತಿದರೆ ಆಚೆ ಬದಿ ಮೌಂಟ್ ಬ್ಯೂಟಿಗೆ ಇಳಿಯುತ್ತದೆ, ಶುರು ಮಾಡುವವರಿಗೆ ಅದೇ ಸರಿ ಎಂದಳು. ನಾನು ನನ್ನ ಪ್ಲ್ಯಾನ್ ಹೇಳಿದೆ: ಹತ್ತುವುದು ಸೈಕಲ್ಲಿನಲ್ಲಿ, ಇಳಿಯುವುದು ಕಾರಿನಲ್ಲಿ. ಅವಳು ಕಾಫಿ ಕಲಕುತ್ತ, ಯಾವ ಕುಹಕವೂ ಇಲ್ಲದೆ, "ಓ, ಹಾಗಾದರೆ ನೀನು ಗ್ಯಾಪ್ ದಾಟುವುದಿಲ್ಲ, ಹತ್ತುವುದಷ್ಟೇ" ಎಂದಳು. ಸತ್ಯವೇ. ಆದರೂ ಅದು ನನಗೆ ಸರಿಯಾಗಿ ಚುಚ್ಚಿತು. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಅಕ್ಟೋಬರಿನಲ್ಲಿ ಮೌಂಟ್ ಬ್ಯೂಟಿಯಲ್ಲಿ ಕ್ಯಾಬಿನ್ ಬುಕ್ ಮಾಡಿ ಹೊರಟೆವು. ಬಾಕ್ಸ್ ಹಿಲ್‌ನ ನಮ್ಮ ಪಕ್ಕದ ಮನೆಯ, ಬೆಂಗಳೂರಿನ ಆಂಟಿಯೂ ಬಂದರು. ರಿಟೈರ್ ಆಗಿ ಒಬ್ಬರೇ ಇದ್ದವರು, ಊರು ಸುತ್ತುವುದೆಂದರೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟುವವರು. ಜೊತೆಗೆ ಒಂದು ದೊಡ್ಡ ಹಾಟ್‌ಬಾಕ್ಸ್ ತುಂಬ ಬಿಸಿಬೇಳೆಬಾತು. ಮರುದಿನ ಕಾರಿನಲ್ಲೇ ಬೆಟ್ಟ ದಾಟಿ ಬ್ರೈಟ್ ಕಡೆಯ ಬುಡಕ್ಕೆ ಹೋಗಿ ಸೈಕಲ್ ಇಳಿಸಿದೆವು. ಅದು ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡುವ ಕಾಲ, ಸೈಕಲ್ಲಿನವರ ತಲೆ ಕುಕ್ಕಲು ಬರುತ್ತವೆ. ಹಾಗಾಗಿ ನನ್ನ ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಸಿಕ್ಕಿಸಿಕೊಂಡಿದ್ದೆ. "ಇದೇನಮ್ಮ ಮುಳ್ಳುಹಂದಿ ಥರ!" ಎಂದು ಆಂಟಿ ಬಿದ್ದು ಬಿದ್ದು ನಕ್ಕರು.

ಹತ್ತಲು ಶುರು ಮಾಡಿದೆ, ಹಿಂದೆ ದಿಬ್ಬಣವೂ ಹೊರಟಿತು. ಮೊದಲ ತಿರುವಿನಲ್ಲಿ ಇವರು ಕಿಟಕಿ ಇಳಿಸಿ "ಸುಸ್ತಾಯ್ತಾ? ಬೇಕಾದ್ರೆ ಹತ್ಕೋ" ಎಂದರು. ಎರಡನೆಯದರಲ್ಲಿ ಆಂಟಿ ಕೋಡುಬಳೆ ಚಾಚಿ "ತಗೋಮ್ಮ, ಎನರ್ಜಿ ಬರತ್ತೆ" ಎಂದರು. ಬಾಯಲ್ಲಿ ಉಸಿರು ಹಿಡಿಯಲೋ ಕೋಡುಬಳೆ ಅಗಿಯಲೋ? ಮೂರನೆಯ ತಿರುವಿನಲ್ಲಿ ಮತ್ತೆ "ಮುಖ ಕೆಂಪಗಾಗಿದೆ ಕಣೆ, ಸಾಕು" ಎಂಬ ಮಾತು ಬಂದಾಗ ನಾನು ಸೈಕಲ್ ನಿಲ್ಲಿಸಿಯೇ ಬಿಟ್ಟೆ.

"ನೀವು ಮೇಲೆ ಹೋಗಿ ಕೂತ್ಕೊಳ್ಳಿ ಮಾರಾಯ್ರೆ! ಹೀಗೆ ಬೆನ್ನಿಗೆ ಬಿದ್ರೆ ನಂಗೆ ಉಸಿರಾಡ್ಲಿಕ್ಕೂ ಆಗುದಿಲ್ಲ. ಮೇಲೆ ಸಿಕ್ತೇನೆ."

"ಒಬ್ಬಳೇನಾ?"

"ಇಲ್ಲ, ನೂರು ಜನ ಇದ್ದಾರೆ! ಹೋಗಿ."

ಇವರ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಕಾರು ಹೋಯಿತು.

ಆಮೇಲೆ ಕಾಡು ಬಾಯಿ ಬಿಟ್ಟಿತು. ಅಲ್ಲಿಯ ತನಕ ಎಂಜಿನ್ನಿನ ಸದ್ದಿನಲ್ಲಿ ನನಗೆ ಹಕ್ಕಿಗಳೇ ಕೇಳಿಸಿರಲಿಲ್ಲ. ನೀಲಗಿರಿ ಮರಗಳ ವಾಸನೆ, ಎಲ್ಲಿಯೋ ನೀರು ಹರಿಯುವ ಸದ್ದು, ನನ್ನದೇ ಚೈನಿನ ಕಿರ್ ಕಿರ್. ಕಡಿದಾದ ಕಡೆ ಇಳಿದು ತಳ್ಳಿದೆ, ನೋಡುವವರು ಯಾರೂ ಇಲ್ಲದ ಕಾರಣ ನಾಚಿಕೆಯೂ ಆಗಲಿಲ್ಲ. ತೋಚಿದಲ್ಲಿ ನಿಂತೆ, ಗಟ್ಟಿಯಾಗಿ ತುಳುವಿನಲ್ಲಿ ನನಗೆ ನಾನೇ ಬೈದುಕೊಂಡೆ, ಮತ್ತೆ ಹತ್ತಿದೆ. ಗ್ಯಾಪಿನ ಬೋರ್ಡು ಕಂಡಾಗ ಸಂತೋಷಕ್ಕೆ ಬೆಲ್ ಬಾರಿಸಿದೆ.

ಮೇಲೆ ಕಾರಿರಲಿಲ್ಲ.

ಕಣಿವೆಯ ನೋಟಕ್ಕೆಂದು ಕಟ್ಟಿದ ಲುಕ್‌ಔಟ್‌ನಲ್ಲಿ ನೋಡಿದೆ, ರಸ್ತೆಯ ಎರಡೂ ಬದಿ ನೋಡಿದೆ. ಎದುರಿಗೆ ಮೌಂಟ್ ಬೊಗಾಂಗ್ ತಲೆಯ ಮೇಲೆ ಇನ್ನೂ ಹಿಮ ಹೊತ್ತು ನಿಂತಿತ್ತು, ಅದನ್ನು ನೋಡುವ ಸಮಾಧಾನ ಯಾರಿಗಿದೆ? ಬೆವರು ಆರಿ ಗಾಳಿ ಬೆನ್ನು ಕೊರೆಯತೊಡಗಿತು. ಜಾಕೆಟ್ಟು ಕಾರಿನಲ್ಲಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಲುಕ್‌ಔಟಿನಲ್ಲಿ ಚಹಾ ಕುಡಿಯುತ್ತಿದ್ದ ವಯಸ್ಸಾದ ಗಂಡ ಹೆಂಡತಿ ನನ್ನ ಪಾಡು ನೋಡಿ ಹತ್ತಿರ ಬಂದರು. ನಮ್ಮದರಂಥದೇ ಬಿಳಿ ಕಾರೊಂದು ಸ್ವಲ್ಪ ಹೊತ್ತಿನ ಮುಂಚೆ ಮೌಂಟ್ ಬ್ಯೂಟಿ ಕಡೆ ಕೆಳಗೆ ಹೋಯಿತು ಎಂದರು. ತಮ್ಮ ಯೂಟ್ ಗಾಡಿಯ ಹಿಂದಿನ ಸಾಮಾನಿನ ತೊಟ್ಟಿಗೆ ಸೈಕಲ್ ಹಾಕಿ ನನ್ನನ್ನು ಮೌಂಟ್ ಬ್ಯೂಟಿಗೆ ಬಿಡುತ್ತೇವೆ ಎಂದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಗಾಡಿಯ ಹಿಂಬಾಗಿಲನ್ನೂ ತೆರೆದರು. ನನ್ನ ಬಾಯಿಯಿಂದ ಬಂದದ್ದು "ಥ್ಯಾಂಕ್ಸ್, ಬೇಡ, ನಾನು ಸೈಕಲ್ಲಿನಲ್ಲೇ ಹೋಗುತ್ತೇನೆ" ಎಂಬ ಮಾತು. ನಾನು ಹತ್ತಿ ಬಂದವಳಾಗಿ ಮನೆಗೆ ಹೋಗಬಾರದು, ದಾಟಿದವಳಾಗಿ ಹೋಗಬೇಕು ಎಂಬ ಆಸೆ ಅಷ್ಟು ದೊಡ್ಡದಾಗಿತ್ತು.

ಮೊದಲ ತಿರುವಿನ ತನಕ ಎರಡೂ ಬ್ರೇಕು ಹಿಂಡಿಕೊಂಡೇ ಹೋದೆ. ಹಳೆಯ ಮಣಿಕಟ್ಟು ನೋಯತೊಡಗಿತು. ನಿಂತು ಕೈ ಕೊಡವಿಕೊಂಡೆ. ರಸ್ತೆಯ ಅಂಚಿನ ಆಳವನ್ನು ನೋಡಿದರೆ ಸೈಕಲ್ ಅತ್ತಲೇ ವಾಲುತ್ತಿತ್ತು. ಮುಂದಿನ ತಿರುವನ್ನು ನೋಡಿದರೆ ನೆಟ್ಟಗೆ ಹೋಗುತ್ತಿತ್ತು. ಸರಿ, ತಿರುವನ್ನೇ ನೋಡೋಣ ಎಂದುಕೊಂಡೆ. ತಿರುವಿಗೆ ಮುಂಚೆ ಬ್ರೇಕು, ತಿರುಗಿದ ಮೇಲೆ ಸ್ವಲ್ಪ ಸಡಿಲ. ಹೀಗೆ ಸಡಿಲ ಬಿಡುತ್ತ ಬಿಡುತ್ತ ಒಂದು ನೇರ ಹಾದಿಯಲ್ಲಿ ಬೆರಳುಗಳು ಬ್ರೇಕಿನ ಮೇಲೆ ಬರೀ ಕೂತಿದ್ದವು, ಹಿಂಡುತ್ತಿರಲಿಲ್ಲ. ಅಯ್ಯೋ ದೇವರೇ, ಎಂಥ ಸುಖ ಅದು! ಕಿವಿ ತುಂಬ ಗಾಳಿ, ಕಣ್ಣಲ್ಲಿ ನೀರು. ನಾನು ನಗುತ್ತಿದ್ದೆ, ಒಬ್ಬಳೇ, ಜೋರಾಗಿ.

ಆಗ ಎದುರಿಗೆ ನಮ್ಮ ಕಾರು ಮೇಲೇರುತ್ತ ಬಂತು. ಇವರ ಬಾಯಿ ತೆರೆದೇ ಇತ್ತು. ಆಂಟಿ ಹಾಟ್‌ಬಾಕ್ಸನ್ನು ಮಗುವಿನ ಹಾಗೆ ಮಡಿಲಲ್ಲಿ ಅಪ್ಪಿಕೊಂಡಿದ್ದರು. ನಿಲ್ಲಿಸು ಎಂದು ಇವರು ಕೈ ಮಾಡಿದರು. ನಿಲ್ಲಿಸಬಹುದಿತ್ತು. "ಕೆಳಗೆ ಸಿಕ್ತೇನೆ!" ಎಂದು ಕೂಗಿ ಹೋಗಿಯೇ ಬಿಟ್ಟೆ.

ಇಳಿಜಾರು ಮುಗಿದು ಸಪಾಟು ರಸ್ತೆ ಬಂದಲ್ಲಿ ಹುಲ್ಲಿನ ಮೇಲೆ ಕೂತೆ. ಅವರು ಕಾರು ತಿರುಗಿಸಿಕೊಂಡು ಬರಲು ಹೊತ್ತಾಯಿತು. ಆಂಟಿ ಕೆಳಗಿಳಿಯುವ ಮುಂಚೆಯೇ ತಪ್ಪೊಪ್ಪಿಕೊಂಡರು: "ನಂದೇ ಕಣಮ್ಮ ತಪ್ಪು. ನೀನು ಹತ್ತಿ ಬರೋಕೆ ಇನ್ನೂ ಎಷ್ಟೊತ್ತೋ, ಅಷ್ಟರಲ್ಲಿ ಕ್ಯಾಬಿನ್‌ಗೆ ಹೋಗಿ ಮೈಕ್ರೋವೇವ್‌ನಲ್ಲಿ ಬಾತು ಬಿಸಿ ಮಾಡ್ಕೊಂಡು ಬಂದ್ಬಿಡೋಣ ಅಂದೆ." ನಾನು ಅಷ್ಟು ಬೇಗ ಹತ್ತಿಬಿಡುತ್ತೇನೆಂದು ಇಬ್ಬರಿಗೂ ಅನ್ನಿಸಿರಲಿಲ್ಲ! ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಇವರು ಇಳಿದು ನೇರ ನನ್ನ ಹತ್ತಿರ ಬಂದರು. ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದರು.

"ಬಿದ್ದಿದ್ರೆ?"

"ಬೀಳ್ಲಿಲ್ಲಲ್ಲ."

"ಅವತ್ತು ಹಿಡ್ಕೊಂಡಿದೀನಿ ಅಂತ ಸುಳ್ಳು ಹೇಳಿ ಬಿಟ್ಟೆ. ನೀನು ಗೋಡೆಗೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ ಕಣೆ."

ಇಷ್ಟು ವರ್ಷ ಒಂದೇ ಒಂದು ಸಲವೂ ಇವರು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹಜಾರ್ಡ್ ಲೈಟ್ ಹಾಕಿಕೊಂಡು ಹಿಂದೆ ಬರುತ್ತಿದ್ದದ್ದು ನನ್ನ ಮೇಲಿನ ಅಪನಂಬಿಕೆಯೆಂದು ನಾನು ಉರಿದುಬೀಳುತ್ತಿದ್ದೆ.

"ನೀವು ಅವತ್ತು ಬಿಡದಿದ್ರೆ ನಂಗೆ ಸೈಕಲ್ಲೇ ಬರ್ತಿರ್ಲಿಲ್ಲ ಮಾರಾಯ್ರೆ" ಎಂದೆ.

ಇವರು ತಲೆಯಾಡಿಸಿ, ಅಭ್ಯಾಸಬಲದಿಂದ ಡಿಕ್ಕಿ ತೆರೆದು ಸೈಕಲ್ಲಿಗೆ ಕೈ ಹಾಕಿದರು. ನಾನು ಹ್ಯಾಂಡಲ್ ಬಿಡಲಿಲ್ಲ. ಕ್ಯಾಬಿನ್ನಿಗೆ ಇನ್ನೂ ಸ್ವಲ್ಪ ದೂರ ಇತ್ತು. ಇವರು ನನ್ನ ಮುಖ ನೋಡಿದರು, ರಸ್ತೆ ನೋಡಿದರು, ಡಿಕ್ಕಿ ಮುಚ್ಚಿದರು. "ಹುಷಾರು" ಎಂದಷ್ಟೇ ಹೇಳಿ ಹೋಗಿ ಕೂತರು.

ಕಾರು ನನ್ನ ಮುಂದೆ ಹೊರಟಿತು. ಸುಮಾರು ದೂರ ಬ್ರೇಕ್ ಲೈಟು ಕೆಂಪಗೆ ಉರಿಯುತ್ತಲೇ ಇತ್ತು, ಬ್ರೇಕಿನಿಂದ ಕಾಲು ತೆಗೆಯಲು ಇವರಿಗೆ ಮನಸ್ಸಿಲ್ಲ. ನಾನು ಕೈ ಬೀಸಿದೆ, ಹೋಗಿ, ಹೋಗಿ ಎಂದು. ಆಮೇಲೆ ಆ ಕೆಂಪು ಆರಿತು, ಕಾರು ವೇಗ ಹಿಡಿದು ತಿರುವಿನ ಆಚೆ ಹೋಯಿತು.